ಚಾವಡಿ, ಗದ್ದೆ, ತೆರೆ: ಕೊಲ್ಲಮೊಗ್ರು ಸೀಮೆಯ ಆಟಗಳ ಪೂರ್ವೋತ್ತರ

ಪುಷ್ಪಗಿರಿ ಶ್ರೇಣಿಯ ಪಡುವಣ ಮಗ್ಗುಲಲ್ಲಿ, ಸುಬ್ರಹ್ಮಣ್ಯ ಕ್ಷೇತ್ರಕ್ಕೆ ತೆಂಕಲಾಗಿ, ಹರಿಹರ ಪಳ್ಳತ್ತಡ್ಕ ಮತ್ತು ಕಲ್ಮಕಾರು ಗ್ರಾಮಗಳ ನೆರೆಯಲ್ಲಿ, ಅಡಿಕೆಯ ತೋಟಗಳನ್ನೂ ತೋಡುಗಳನ್ನೂ ಕಾಡನ್ನೂ ಒಡಲಲ್ಲಿರಿಸಿಕೊಂಡಿರುವ ಕೊಲ್ಲಮೊಗ್ರು ಸುಳ್ಯ ತಾಲೂಕಿನ ಘಟ್ಟದಂಚಿನ ಊರು. ಈ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ದೇವಸ್ಥಾನಗಳನ್ನೂ ದೈವಸ್ಥಾನಗಳನ್ನೂ, ಘಟ್ಟದ ಮೇಲಿನಿಂದ ಇಳಿದುಬಂದು ಇಲ್ಲಿ ನೆಲೆನಿಂತ ಗೌಡ ಮನೆತನಗಳನ್ನೂ, 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ಮುಂದಾಳುತನದಲ್ಲಿ ಸುಳ್ಯದಿಂದ ಮಂಗಳೂರಿನವರೆಗೆ ಸಾಗಿದ ದಂಡಯಾತ್ರೆಯನ್ನೂ ಕುರಿತು ಬರೆದಿರುವರು. ಅದು ಯುಕ್ತವೇ ಸರಿ. ಆದರೆ ಆ ಮನೆತನಗಳ ಚಾವಡಿಯಲ್ಲಿ, ಹೊರಗೆ ಮಳೆ ಹಗಲಿರುಳೆನ್ನದೆ ಸುರಿಯುತ್ತಿರುವಾಗ, ಒಳಗಿದ್ದವರು ಯಾವ ಆಟದಿಂದ ಹೊತ್ತನ್ನು ಕಳೆದರು, ಆ ಆಟಕ್ಕೆ ಯಾವ ಕಟ್ಟುಪಾಡುಗಳಿದ್ದವು, ಅದನ್ನು ಸುತ್ತಲೂ ನಿಂತು ನೋಡಿದವರು ಯಾರು ಎಂಬುದೂ ಚರಿತ್ರೆಯೇ ಆಗಿದ್ದು, ಯುದ್ಧದ ವೃತ್ತಾಂತಕ್ಕಿಂತ ಒಂದು ಕೂದಲೆಳೆಯಷ್ಟೂ ಕಿರಿದಾದುದಲ್ಲವೆಂದು ನಾನು ನಂಬುತ್ತೇನೆ. ದೂರದರ್ಶನದ ಪೆಟ್ಟಿಗೆಯ ಮುಂದೆ ನಿಂತು, ಕೈಯಲ್ಲೊಂದು ಕೋಲನ್ನು ಹಿಡಿದು ಬೀಸಿ, ನಾಲ್ವರು ಕೂಡಿ ನಗುತ್ತ ಆಡುವ ವಿಡಿಯೊ ಆಟವೊಂದು ಈ ಶತಮಾನದ ಆರಂಭದಲ್ಲಿ ಜಗತ್ತಿನ ಮನೆಗಳನ್ನು ಹೊಕ್ಕಿತಷ್ಟೆ. ಅದರ ಪೂರ್ವಜರು ಜಪಾನಿನಲ್ಲಿ ಮಾತ್ರವಲ್ಲದೆ ನಮ್ಮ ಚಾವಡಿಗಳಲ್ಲಿಯೂ ಗದ್ದೆಗಳಲ್ಲಿಯೂ ಇರುವರೆಂಬುದನ್ನು ತೋರಿಸುವುದೇ ಈ ಬರಹದ ಉದ್ದೇಶ.

ಮನೆಯಾಟದ ಕಾಲವನ್ನು ಈ ಸೀಮೆಯಲ್ಲಿ ನಿರ್ಣಯಿಸಿದುದು ಮಳೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಆಟಿ ತಿಂಗಳಿನಲ್ಲಿ ನಾಟಿಯ ಕೆಲಸ ಮುಗಿದಿರುತ್ತದೆ, ಕೊಯ್ಲು ದೂರವಿರುತ್ತದೆ. ಮದುವೆ ಮೊದಲಾದ ಶುಭಕಾರ್ಯಗಳು ನಿಷಿದ್ಧ. ಕಣಜದಲ್ಲಿ ಅಕ್ಕಿ ಕಡಿಮೆ. ತೋಡು ಹೊಳೆಗಳು ತುಂಬಿ ಹರಿಯುವುದರಿಂದ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದೇ ಒಂದು ಸಾಹಸ. ಹಲಸಿನ ಬೀಜ, ಕಣಿಲೆ, ಪತ್ರೊಡೆಗಳಿಂದ ಹೊಟ್ಟೆಯನ್ನು ಸಮಾಧಾನಪಡಿಸಿ, ಅಮಾವಾಸ್ಯೆಯ ಮುಂಜಾನೆ ಹಾಲೆಮರದ ತೊಗಟೆಯ ಕಷಾಯವನ್ನು ಕುಡಿದು, ರೋಗಗಳನ್ನು ಕಳೆಯಲು ಅಂಗಳಕ್ಕೆ ಬರುವ ಆಟಿಕಳೆಂಜನಿಗೆ ಕೈಲಾದುದನ್ನು ಕೊಟ್ಟು ಕಳುಹಿಸಿ ದಿನ ನೂಕುವ ಈ ತಿಂಗಳಿಗೆ ಒಂದು ಸಂತೋಷವೂ ಸೇರಿದ್ದಿತು: ಹೊಸತಾಗಿ ಮದುವೆಯಾದ ಹೆಣ್ಣುಮಗಳು ಆಟಿಯಲ್ಲಿ ತೌರಿಗೆ ಬಂದು ಕೂಡುವಳು. ಹೀಗೆ ಬಿಡುವು, ಮಳೆ ಮತ್ತು ಒಟ್ಟುಗೂಡಿದ ಹೆಂಗಸರು ಎಂಬ ಮೂರು ಕಾರಣಗಳು ಒಂದೆಡೆ ಸೇರಿದಾಗ ಅಟ್ಟದಿಂದ ಕೆಳಗಿಳಿಯುತ್ತಿದ್ದುದು ಚೆನ್ನೆಮಣೆ.

ಚೆನ್ನೆಮಣೆಯೆಂದರೆ ಮರದಲ್ಲಿ ಕೊರೆದ ಹಲಗೆ. ಸಾಲಿಗೆ 7ರಂತೆ ಎರಡು ಸಾಲುಗಳಲ್ಲಿ 14 ಗುಳಿಗಳು. ಒಂದೊಂದರಲ್ಲಿಯೂ 4 ಕಾಯಿಗಳಂತೆ ಒಟ್ಟು 56 ಕಾಯಿಗಳು. ಕಾಯಿಗಳೆಂದರೆ ಹೆಚ್ಚಾಗಿ ನುಣುಪಾದ ಕೆಂಪು ಮಂಜೊಟ್ಟಿ ಬೀಜಗಳು; ಅವು ದೊರೆಯದಿದ್ದಲ್ಲಿ ಹುಣಸೆಯ ಬೀಜಗಳು. ಒಂದು ಗುಳಿಯಲ್ಲಿರುವುದೆಲ್ಲವನ್ನೂ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಅದರ ಮುಂದಿನ ಗುಳಿಯನ್ನೆತ್ತಿ ಮುಂದುವರಿಸಬೇಕು. ಮುಂದಿನದು ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದು ಆಡಿದವರ ಪಾಲು, ಅಲ್ಲಿಗೆ ಸರದಿ ಎದುರಾಳಿಯದು. ಇದು ಮೂಲಕ್ರಮ. ಇದರ ಮೇಲೆ ಅರಸಾಟ, ಜೋಡುಪೆರ್ಗ ಮೊದಲಾದ ಬಗೆಗಳು, ಒಬ್ಬರೇ ಕುಳಿತು ಆಡತಕ್ಕ ಸೀತೆಯಾಟ, ಇನ್ನು ಮನೆಮನೆಗೆ ಬೇರೆಯಾದ ಒಳನಿಯಮಗಳು. ಇದೇ ಕುಟುಂಬದ ಆಟಗಳು ಆಫ್ರಿಕಾ ಖಂಡದ ಉದ್ದಗಲಕ್ಕೂ ಹಬ್ಬಿರುವುದನ್ನು ಅಮೆರಿಕದ ಸ್ಟುವರ್ಟ್ ಕ್ಯುಲಿನ್ ಎಂಬ ವಿದ್ವಾಂಸನು 19ನೆಯ ಶತಮಾನದ ಕೊನೆಯಲ್ಲಿಯೇ ವಿವರಿಸಿರುವನು. ಆದರೆ ತುಳುನಾಡಿನ ಚೆನ್ನೆಗೆ ಬೇರೆಲ್ಲಿಯೂ ಸುಲಭವಾಗಿ ಕಾಣದ ಒಂದು ವಿಶೇಷ ಉಂಟು. ಇದು ಆಟಿಗೆ ಮೀಸಲಾದ ಆಟ. ತಿಂಗಳು ಕಳೆದೊಡನೆ ಮಣೆಯನ್ನು ಮತ್ತೆ ಅಟ್ಟಕ್ಕೇರಿಸಬೇಕು. ಮತ್ತು ಅಕ್ಕತಂಗಿಯರು ಪರಸ್ಪರ ಎದುರಾಗಿ ಕುಳಿತು ಇದನ್ನು ಆಡಕೂಡದು.

ಈ ನಿಷೇಧದ ಹಿಂದೆ ಒಂದು ಮಹಾಕಥೆಯಿದೆ. ತುಳುವರ ಮೌಖಿಕ ಮಹಾಕಾವ್ಯದ ನಾಯಕಿಯಾದ ಸಿರಿಯ ಸಂತತಿಯ ಕಥೆಯಲ್ಲಿ ಅಬ್ಬಗ, ದಾರಗರೆಂಬ ಅವಳಿ ಹೆಣ್ಣುಮಕ್ಕಳು ತಂದೆತಾಯಿಯರಿಲ್ಲದ ಹೊತ್ತಿನಲ್ಲಿ ಚೆನ್ನೆಮಣೆಯನ್ನು ಹೊರತೆಗೆದು ಆಡಲು ಕುಳಿತು, ಗೆಲುವುಸೋಲಿನ ಜಗಳ ಬೆಳೆದು, ಒಬ್ಬಳು ಆ ಮಣೆಯಿಂದಲೇ ಮತ್ತೊಬ್ಬಳ ತಲೆಗೆ ಹೊಡೆದು, ಸತ್ತವಳನ್ನು ಬಾವಿಗೆ ನೂಕಿ, ತಾನೂ ಅದಕ್ಕೇ ಹಾರುವಳು. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿಯ ಪಾಡ್ದನವನ್ನು ಫಿನ್‌ಲೆಂಡಿನ ಲೌರಿ ಹೋಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದ ವಿದ್ವಾಂಸರ ಸಹಕಾರದಿಂದ 1990ರಲ್ಲಿ ಧ್ವನಿಮುದ್ರಿಸಿ, 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟಿಸಿದರು. ಅದರ ಸಾಲುಗಳು 15,683. ಇಂತಹ ಬೃಹತ್ಕಾವ್ಯದಲ್ಲಿ ಒಂದು ಮನೆಯಾಟಕ್ಕೆ ದುರಂತದ ಕೇಂದ್ರಸ್ಥಾನ ದೊರೆತಿರುವುದು ಸಾಮಾನ್ಯ ಸಂಗತಿಯಲ್ಲ. ಅಮೆರಿಕದ ಜಾನಪದ ವಿದ್ವಾಂಸ ಪೀಟರ್ ಕ್ಲಾಸ್ ಅವರು ತುಳುವರ ಪುರಾಣದಲ್ಲಿಯೂ ಆರಾಧನೆಯಲ್ಲಿಯೂ ಚೆನ್ನೆಗಿರುವ ಸ್ಥಾನವನ್ನೇ ವಿಷಯವಾಗಿಸಿಕೊಂಡು ಒಂದು ಪ್ರತ್ಯೇಕ ಪ್ರಬಂಧವನ್ನು ಬರೆದಿರುವರು.

ಆದರೆ ಪಂಡಿತರ ಗಮನಕ್ಕೆ ಅಷ್ಟಾಗಿ ಬಾರದ ಒಂದು ಗೃಹಕೃತ್ಯದ ಸಂಗತಿ ಇಲ್ಲಿ ನನಗೆ ತೋರುತ್ತದೆ. ಆಟಿಯಲ್ಲಿಯೇ ಹೆಣ್ಣುಮಕ್ಕಳು ತೌರಿಗೆ ಬರುವುದು; ಆದುದರಿಂದ ಅಕ್ಕತಂಗಿಯರು ಒಂದೇ ಮಾಡಿನ ಕೆಳಗೆ ಕೂಡುವುದೂ ಆಟಿಯಲ್ಲಿಯೇ; ಆಟ ನಡೆಯತಕ್ಕುದೂ ಅದೇ ತಿಂಗಳು. ಹಾಗಿರುವಲ್ಲಿ ಅಕ್ಕತಂಗಿಯರು ಎದುರಾಗಕೂಡದೆಂಬ ನಿಯಮವು, ಮನೆಗೆ ಬಂದ ಮಗಳನ್ನು ಆ ಮನೆಗೆ ಹೊಸತಾಗಿ ಬಂದ ಸೊಸೆಯ ಎದುರಿಗೋ, ನೆರೆಮನೆಯ ಹಿರಿಯಳ ಎದುರಿಗೋ ಕುಳ್ಳಿರಿಸುತ್ತದೆ. ಒಡಹುಟ್ಟಿದವರು ಹೇಗೂ ಮಾತನಾಡಿಕೊಳ್ಳುವರು. ಅತ್ತಿಗೆ ನಾದಿನಿಯರು ಮಾತನಾಡುವಂತಾಗಲು ನಡುವೆ ಒಂದು ಮಣೆ ಬೇಕು. ನಿಯಮವನ್ನು ಮೊದಲು ಮಾಡಿದವರ ಮನಸ್ಸಿನಲ್ಲಿ ಇದು ಇದ್ದಿತೆಂದು ನಾನು ಸಾಧಿಸಲಾರೆ. ಆದರೆ ಅದರ ಫಲ ಇದೇ ಆಗುವುದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆಡುವವರು ಇಬ್ಬರೇ ಆದರೂ ಮಣೆಯ ಸುತ್ತ ಕುಳಿತವರು ಹಲವರು. ಕಾಯಿ ಎಣಿಸುವವರು, ಕಳ್ಳಾಟವನ್ನು ಹಿಡಿಯುವವರು, ಸೋಲುತ್ತಿರುವವಳಿಗೆ ಪಿಸುಮಾತಿನಲ್ಲಿ ದಾರಿ ಹೇಳುವವರು, ಎಲ್ಲರೂ ಆ ಆಟದ ಒಳಗಿನವರೇ.

ಚಾವಡಿಯ ಆಟ ಕೈಬೆರಳುಗಳದಾದರೆ ಅಂಗಳದ ಮತ್ತು ಗದ್ದೆಯ ಆಟ ಇಡಿಯ ಮೈಯದು. ಆಟಿ ಕಳೆದು ಸೋಣ ತಿಂಗಳು ಹತ್ತಿದೊಡನೆ ಬರುವ ಕೃಷ್ಣಾಷ್ಟಮಿಯು ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ದೇವರ ಹಬ್ಬವಾಗಿರುವಷ್ಟೇ ಆಟದ ಹಬ್ಬವೂ ಹೌದು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಡಿಗೆಯಿಂದ ಮಡಕೆ ಒಡೆಯುವುದು, ಎಣ್ಣೆ ಬಳಿದ ಅಡಿಕೆಯ ಮರವನ್ನೇರುವುದು, ಹಗ್ಗ ಜಗ್ಗುವುದು, ಚಮಚದಲ್ಲಿ ಲಿಂಬೆಯನ್ನಿರಿಸಿಕೊಂಡು ಓಡುವುದು, ಗೋಣಿಚೀಲದಲ್ಲಿ ಕಾಲಿಳಿಸಿ ಕುಪ್ಪಳಿಸುವುದು, ಒಬ್ಬನನ್ನು ಅಡಿಕೆಯ ಹಾಳೆಯ ಮೇಲೆ ಕುಳ್ಳಿರಿಸಿ ಇನ್ನೊಬ್ಬನು ಎಳೆದುಕೊಂಡು ಓಡುವುದು: ಇವೆಲ್ಲ ಒಂದೇ ಮಧ್ಯಾಹ್ನದಲ್ಲಿ ಒಂದರ ಹಿಂದೊಂದಾಗಿ ನಡೆದುಹೋಗುವ ಕಿರು ಆಟಗಳು. ಒಂದೊಂದರ ಆಯುಸ್ಸೂ ಕೆಲವೇ ನಿಮಿಷ. ಯಾವುದಕ್ಕೂ ಬಹುಕಾಲದ ಅಭ್ಯಾಸ ಬೇಡ. ನಿಯಮವನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದು. ಸೋತವನೂ ನಗುವನು, ಗೆದ್ದವನಿಗಿಂತ ಜನರು ಅವನನ್ನೇ ಹೆಚ್ಚು ನೆನೆಯುವರು. ಈ ಲಕ್ಷಣಗಳನ್ನು ಓದುಗರು ಮನಸ್ಸಿನಲ್ಲಿರಿಸಿಕೊಳ್ಳಬೇಕೆಂದು ಪ್ರಾರ್ಥನೆ. ಇವೇ ಲಕ್ಷಣಗಳು ಮುಂದೆ ಬಹುದೂರದ ಒಂದು ದೇಶದ ಯಂತ್ರದಲ್ಲಿ ಮತ್ತೆ ಕಾಣಿಸಿಕೊಳ್ಳಲಿವೆ.

ಅಷ್ಟಮಿಯ ಆಟಗಳಲ್ಲಿ ಎಲ್ಲವೂ ಪ್ರಾಚೀನವಾದುವಲ್ಲ. ಮಡಕೆಯೂ ಹಾಳೆಯೂ ಈ ನೆಲದವು. ಚಮಚ ಮತ್ತು ಗೋಣಿಚೀಲದ ಓಟಗಳು ಶಾಲೆಯ ದಾರಿಯಾಗಿ ಬಂದವು. ದಕ್ಷಿಣ ಕನ್ನಡವು 1956ರವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದಿತು. ಆ ಮದರಾಸಿನಲ್ಲಿ 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ದೈಹಿಕ ಶಿಕ್ಷಣದ ವಿದ್ಯಾಲಯವನ್ನು ಸ್ಥಾಪಿಸಿದ ಮೇಲೆ ಕವಾಯತು ಮತ್ತು ಆಟಗಳಲ್ಲಿ ತರಬೇತು ಪಡೆದ ಉಪಾಧ್ಯಾಯರ ಒಂದು ವರ್ಗವೇ ಹುಟ್ಟಿಕೊಂಡು, ಶಾಲೆಯ ಕ್ರೀಡಾದಿನವೆಂಬುದು ಹಳ್ಳಿಗಳಿಗೂ ಪರಿಚಿತವಾಯಿತು. ಆಟವೇ ಶಿಕ್ಷಣವೆಂಬ ಭಾವನೆಗೆ ಈ ಸೀಮೆಯಲ್ಲಿ ಎಲ್ಲರಿಗಿಂತ ಹೆಚ್ಚಾಗಿ ದುಡಿದವರು ಶಿವರಾಮ ಕಾರಂತರು. ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಕುಣಿಸಿ, ಆಡಿಸಿ, ನಾಟಕವಾಡಿಸಿ ಅವರು ಮಾಡಿದ ಪ್ರಯೋಗಗಳೂ, 1930ರ ದಶಕದಲ್ಲಿ ಹೊರಬಂದ ‘ಬಾಲಪ್ರಪಂಚ’ದ ಸಂಪುಟಗಳೂ ಅದಕ್ಕೆ ಸಾಕ್ಷಿ. ಮುಂದೆ ಊರೂರಿನ ಯುವಕ ಮಂಡಲಗಳು ಈ ಎರಡು ಧಾರೆಗಳನ್ನೂ ಕೂಡಿಸಿದವು. ಇಂದು ಮಳೆಗಾಲದಲ್ಲಿ ಸುಳ್ಯದ ಯಾವ ಮೂಲೆಯಲ್ಲಾದರೂ ನಡೆಯುವ ಕೆಸರುಗದ್ದೆಯ ಕ್ರೀಡಾಕೂಟದಲ್ಲಿ ಹೊಸತು ಹಳತು ಎಂಬ ಭೇದವಿಲ್ಲದೆ ಎಲ್ಲವೂ ಒಂದೇ ಕೆಸರಿನಲ್ಲಿ ನಡೆಯುತ್ತವೆ. ಗದ್ದೆಯ ಬದುವಿನಲ್ಲಿ ಧ್ವನಿವರ್ಧಕ ಹಿಡಿದು ನಿಂತ ಉದ್ಘೋಷಕನು ಬಿದ್ದವರ ಹೆಸರನ್ನು ಕೂಗಿ ಹೇಳುವುದೂ ಆ ಆಟದ ಅಂಗವೇ.

ಇನ್ನು ತೆರೆಯ ಮಾತು. ಬೆಂಗಳೂರು ದೂರದರ್ಶನ ಕೇಂದ್ರವು 1981ರಲ್ಲಿ ಆರಂಭವಾದ ಮೇಲೆಯೂ ಘಟ್ಟದ ಮರೆಯ ಊರುಗಳಿಗೆ ಚಿತ್ರ ಸರಿಯಾಗಿ ಮುಟ್ಟಲು ಕಾಲ ಹಿಡಿಯಿತು. 1987ರಲ್ಲಿ ರಾಮಾಯಣದ ಧಾರಾವಾಹಿ ಆರಂಭವಾದಾಗ ಪೆಟ್ಟಿಗೆಯಿದ್ದ ಮನೆಯ ಚಾವಡಿಯು ಊರಿಗೇ ಚಾವಡಿಯಾಯಿತು. ಇದನ್ನು ಇಲ್ಲಿ ಹೇಳಲು ಕಾರಣವೇನೆಂದರೆ, ತೆರೆಯೆಂಬುದು ನಮ್ಮ ಹಳ್ಳಿಗಳನ್ನು ಹೊಕ್ಕಾಗ ಒಬ್ಬರೇ ನೋಡುವ ವಸ್ತುವಾಗಿ ಹೊಗಲಿಲ್ಲ; ಕೂಟದ ವಸ್ತುವಾಗಿಯೇ ಹೊಕ್ಕಿತು. 1990ರ ದಶಕದಲ್ಲಿ ಪೇಟೆಗಳ ಅಂಗಡಿಗಳಲ್ಲಿ ದೊರೆಯುತ್ತಿದ್ದ, ಕ್ಯಾಸೆಟ್ ಸಿಕ್ಕಿಸಿ ಆಡುವ ಅಗ್ಗದ ಟಿವಿ ಗೇಮುಗಳು ಆ ಕೂಟವನ್ನು ಕಿರಿದು ಮಾಡಿದವು. ಅವುಗಳಲ್ಲಿ ಹೆಬ್ಬೆರಳುಗಳೆರಡು ಆಡುತ್ತಿದ್ದವು, ಉಳಿದ ದೇಹ ನಿಶ್ಚಲವಾಗಿದ್ದಿತು. ಗುಂಡಿ ಒತ್ತುವವನ ಮುಖದಲ್ಲಿ ನೋಡತಕ್ಕುದೇನೂ ಇಲ್ಲದ್ದರಿಂದ ನೋಡುವವರು ಮೆಲ್ಲನೆ ಎದ್ದುಹೋಗುತ್ತಿದ್ದರು.

ಈ ಕೊರತೆಯನ್ನು ಮನಗಂಡು ತಿದ್ದಲೆಳಸಿದ ಸಂಸ್ಥೆಯು ತಾನೇ ಒಂದು ಹಳೆಯ ಮನೆಯಾಟದ ಕಸುಬಿನಿಂದ ಬಂದುದೆಂಬುದು ಚಿಂತನಾರ್ಹ. ಕ್ಯೋಟೊ ನಗರದಲ್ಲಿ 1889ರಲ್ಲಿ ಫುಸಾಜಿರೊ ಯಾಮಾವುಚಿ ಎಂಬವನು ಹೂವಿನ ಚಿತ್ರಗಳುಳ್ಳ ಹನಾಫುಡಾ ಎಂಬ ಇಸ್ಪೀಟಿನಂತಹ ಎಲೆಗಳನ್ನು ಕೈಯಿಂದ ಮಾಡಿ ಮಾರಲು ತೊಡಗಿದುದೇ ನಿಂಟೆಂಡೊ ಸಂಸ್ಥೆಯ ಮೂಲ. ಅದೇ ಸಂಸ್ಥೆಯಲ್ಲಿ ಎಲೆ ಮಾಡುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಗುನ್‌ಪೆ ಯೊಕೊಯಿಯು ಬಿಡುವಿನಲ್ಲಿ ಮಾಡಿಕೊಂಡ, ದೂರದ ವಸ್ತುವನ್ನು ಚಾಚಿ ಹಿಡಿಯುವ ಒಂದು ಕೈಯಾಟಿಕೆಯು 1966ರಲ್ಲಿ ಮಾರುಕಟ್ಟೆಗೆ ಬಂದು ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. 1973ರಲ್ಲಿ, ಜನರು ಬಿಟ್ಟುಹೋದ ಬೌಲಿಂಗ್ ಶಾಲೆಗಳಲ್ಲಿ, ಬೆಳಕಿನ ಬಂದೂಕಿನಿಂದ ಹಾರುವ ಗುರಿಗಳನ್ನು ಹೊಡೆಯುವ ಆಟವನ್ನು ಅದು ನಡೆಸಿತು. ತೆರೆಯ ಆಟಕ್ಕೆ ಕೈಹಾಕುವ ಮೊದಲೇ ಈ ಸಂಸ್ಥೆಗೆ ಮೈಯಾಡಿಸುವ ಆಟದ ಮರ್ಮ ತಿಳಿದಿದ್ದಿತು.

2006ರ ನವೆಂಬರ್ 19ರಂದು ಅದು ಅಮೆರಿಕದಲ್ಲಿ ಬಿಡುಗಡೆಮಾಡಿದ ವೀ ಎಂಬ ಯಂತ್ರದ ರಿಮೋಟಿನೊಳಗೆ ಮೂರು ದಿಕ್ಕುಗಳ ವೇಗೋತ್ಕರ್ಷವನ್ನು ಅಳೆಯುವ ಒಂದು ಕಿರುಸಾಧನವೂ, ತುದಿಯಲ್ಲಿ ಅವಗೆಂಪು ಬೆಳಕನ್ನು ಕಾಣುವ ಒಂದು ಕಣ್ಣೂ ಇದ್ದವು. ಟಿವಿಯ ಮೇಲಿರಿಸುವ ಪಟ್ಟಿಯು ಏನನ್ನೂ ಗ್ರಹಿಸದೆ ಬರಿಯ ಬೆಳಕನ್ನು ಬೀರುತ್ತಿತ್ತು. ಗ್ರಹಿಸುವುದೆಲ್ಲ ಆಡುವವರ ಕೈಯಲ್ಲಿಯೇ ಇದ್ದಿತು. ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್ ಎಂಬ ಐದು ಆಟಗಳ ‘ವೀ ಸ್ಪೋರ್ಟ್ಸ್’ ಹೆಚ್ಚಿನ ದೇಶಗಳಲ್ಲಿ ಯಂತ್ರದ ಜೊತೆಗೇ ಬಂದಿತು; ಅಮೆರಿಕದ ವೃದ್ಧಾಶ್ರಮಗಳಲ್ಲಿ ಅಜ್ಜ ಅಜ್ಜಿಯರು ಅದರ ಬೌಲಿಂಗಿನ ಪಂದ್ಯಗಳನ್ನು ಏರ್ಪಡಿಸಿಕೊಂಡರು. 2010ರಲ್ಲಿ ಬಂದ ‘ವೀ ಪಾರ್ಟಿ’ಯಂತೂ ನಾಲ್ವರವರೆಗೆ ಕೂಡಿ ಆಡುವ ಕಿರು ಆಟಗಳ ಒಂದು ಸಂಪುಟವೇ ಆಗಿದ್ದಿತು: ನಿಯಮ ಒಂದು ವಾಕ್ಯ, ಆಯುಸ್ಸು ಒಂದು ನಿಮಿಷ, ಸೋತವನಿಗೂ ನಗು. ನಮ್ಮ ಅಷ್ಟಮಿಯ ಮಧ್ಯಾಹ್ನದ ವಿನ್ಯಾಸವೇ ಇದು. ಒಂದು ಇನ್ನೊಂದರಿಂದ ಕಲಿತುದೆಂದು ನಾನು ಹೇಳುತ್ತಿಲ್ಲ. ವಯಸ್ಸು, ಬಲ, ಅಭ್ಯಾಸಗಳಲ್ಲಿ ಸಮಾನರಲ್ಲದ ಜನರು ಒಂದೆಡೆ ಸೇರಿ ಆಡಬೇಕಾದಾಗ, ಆಟವು ಕಿರಿದಾಗಿಯೂ ಬಗೆಬಗೆಯಾಗಿಯೂ ದೇಹದಿಂದ ಆಡತಕ್ಕುದಾಗಿಯೂ ಇರಬೇಕೆಂಬ ಸತ್ಯವನ್ನು ಯುವಕ ಮಂಡಲಗಳೂ ಕ್ಯೋಟೊದ ಶಿಲ್ಪಿಗಳೂ ತಂತಮ್ಮ ದಾರಿಯಿಂದ ಕಂಡುಕೊಂಡರು. ಈ ಯಂತ್ರವು 10 ಕೋಟಿಗೂ ಮೀರಿ ಮಾರಾಟವಾಯಿತು.

ಮನೆಯೊಳಗೆ ಬಂದ ಆಟಕ್ಕೆ ಒಂದು ಕಾವಲೂ ಬೇಕಾಗುತ್ತದೆ. ಆವೇಶದಲ್ಲಿ ಬೀಸಿದ ರಿಮೋಟುಗಳು ಕೈಜಾರಿ ಹಾರಿ ಟಿವಿಗಳನ್ನು ಒಡೆಯತೊಡಗಿದಾಗ, ನಿಂಟೆಂಡೊ 2006ರ ಡಿಸೆಂಬರಿನಲ್ಲಿಯೇ ಸುಮಾರು 32 ಲಕ್ಷ ಮಣಿಕಟ್ಟಿನ ಪಟ್ಟಿಗಳನ್ನು ಗಟ್ಟಿಯಾದುವುಗಳಿಂದ ಬದಲಿಸಿಕೊಡುವುದಾಗಿ ಪ್ರಕಟಿಸಬೇಕಾಯಿತು. ಆಟದ ಸಾಧನವೇ ಆಯುಧವಾಗಬಲ್ಲುದೆಂಬ ಅರಿವು ಅಬ್ಬಗ ದಾರಗರ ಕಥೆಯಷ್ಟು ಹಳೆಯದು. ಅಲ್ಲಿ ದಾರದ ಪಟ್ಟಿ ಮಾಡಿದ ಕೆಲಸವನ್ನು ಇಲ್ಲಿ ಒಂದು ಪಾಡ್ದನ ಮಾಡಿತು. ಪಟ್ಟಿಯು ವಸ್ತುವನ್ನು ಮಾತ್ರ ಕಟ್ಟಿಹಾಕಬಲ್ಲುದು. ಯಾರು ಯಾರೊಡನೆ ಆಡಬೇಕೆಂಬ ವಿವೇಕವನ್ನು ಹೇಳಬಲ್ಲುದು ಕಥೆಯೇ ಎಂಬ ಕಾರಣದಿಂದ ನಾನು ಪಾಡ್ದನದ ಕಾವಲನ್ನು ಮೇಲೆಂದು ಎಣಿಸುತ್ತೇನೆ.

ಯಂತ್ರಕ್ಕೆ ಇನ್ನೊಂದು ಮಿತಿಯೂ ಇದ್ದಿತು. ಅದು ಕಾಣುತ್ತಿದ್ದುದು ಕೈಯೊಂದನ್ನೇ. ಸೋಫಾದ ಮೇಲೆ ಒರಗಿಕೊಂಡು ಮಣಿಕಟ್ಟನ್ನು ಕಿಂಚಿತ್ ಅಲುಗಿಸಿದರೂ ಟೆನಿಸಿನ ಹೊಡೆತ ಸಲ್ಲುವುದೆಂದು ಜನರು ಬೇಗನೆ ಕಂಡುಕೊಂಡರು. ಹಾಳೆಯನ್ನು ಎಳೆಯುವವನಿಗೆ ಇಂತಹ ಒಳದಾರಿಯಿಲ್ಲ. ಕೆಸರೂ ಹಾಳೆಯ ಮೇಲೆ ಕುಳಿತವನ ಭಾರವೂ ಬದುವಿನಲ್ಲಿ ನಿಂತ ಜನರೂ ಅವನ ಇಡಿಯ ಮೈಯನ್ನು ಪರೀಕ್ಷಿಸುವರು. 2010ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಹೊರತಂದ ಕಿನೆಕ್ಟ್ ಎಂಬ ಸಾಧನವು ಈ ಮಿತಿಯನ್ನು ಮೀರಲು ಯತ್ನಿಸಿತು. ಇಸ್ರೇಲಿನ ಪ್ರೈಮ್‌ಸೆನ್ಸ್ ಸಂಸ್ಥೆಯ ವಿದ್ಯೆಯಿಂದ, ಕಣ್ಣಿಗೆ ಕಾಣದ ಬೆಳಕಿನ ಚುಕ್ಕಿಗಳನ್ನು ಕೋಣೆಯ ತುಂಬ ಚೆಲ್ಲಿ, ಅವು ಬಿದ್ದ ಬಗೆಯಿಂದ ದೂರವನ್ನು ಲೆಕ್ಕಹಾಕಿ, ಆಡುವವನ 20 ಕೀಲುಗಳ ಸ್ಥಾನವನ್ನು ಅದು ಗುರುತಿಸುತ್ತಿತ್ತು. ಕೈಯಲ್ಲಿ ಏನನ್ನೂ ಹಿಡಿಯಬೇಕಾಗಿರಲಿಲ್ಲ. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾದ ಈ ಸಾಧನದ ತಯಾರಿಕೆ 2017ರಲ್ಲಿ ನಿಂತುಹೋಯಿತು. ಅದರ ಅವಸಾನಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಒಬ್ಬರು ಆಡಲು ಸಾಧನದಿಂದ ಸುಮಾರು 6 ಅಡಿ, ಇಬ್ಬರು ಆಡಲು 8 ಅಡಿ ತೆರವಾದ ಜಾಗ ಬೇಕಾಗಿದ್ದಿತು. ಮಹಾನಗರಗಳ ಸಣ್ಣ ಕೋಣೆಗಳಲ್ಲಿ, ಮೇಜು ಕುರ್ಚಿಗಳ ನಡುವೆ, ಅಷ್ಟು ಜಾಗವೆಲ್ಲಿಯದು? ಆ ಜಾಗ ಇದ್ದುದು ನಮ್ಮ ಹಳೆಯ ಮನೆಗಳ ಚಾವಡಿಯಲ್ಲಿ. ಆದರೆ ಮಳೆ ಗಾಳಿಗೆ ಮರ ಬಿದ್ದು ತಂತಿ ಹರಿದು ಕತ್ತಲಾಗುವ ಘಟ್ಟದ ತಪ್ಪಲಿನಲ್ಲಿ, ಆಟಕ್ಕೆ ಅತ್ಯಂತ ಬಿಡುವಿರುವ ಆಟಿಯ ದಿನಗಳಲ್ಲಿಯೇ ವಿದ್ಯುತ್ತನ್ನು ನಂಬುವಂತಿಲ್ಲ. ಜಾಗವಿದ್ದಲ್ಲಿ ಬೆಳಕಿಲ್ಲ, ಬೆಳಕಿದ್ದಲ್ಲಿ ಜಾಗವಿಲ್ಲ ಎಂಬಂತಾಯಿತು. ಹಾಗೆಂದೇ ಈ ಸೀಮೆಯಲ್ಲಿ ಆಟದ ಮುಖ್ಯಧಾರೆ ತೆರೆಯ ಕಡೆಗೆ ಹರಿಯದೆ ಕೆಸರುಗದ್ದೆಯ ಕಡೆಗೆ ಹರಿದುದರಲ್ಲಿ ಆಶ್ಚರ್ಯವಿಲ್ಲ.

ಭಾರತೀಯರೂ ಈ ಕ್ಷೇತ್ರದಲ್ಲಿ ಕೈಯಾಡಿಸದೆ ಇಲ್ಲ. ಹೈದರಾಬಾದಿನ ಗೇಮ್‌ಶಾಸ್ತ್ರ ಸಂಸ್ಥೆಯು 2009ರಲ್ಲಿ ಪ್ಲೇಸ್ಟೇಷನ್‌ಗಾಗಿ ಮಾಡಿದ ‘ದೇಸಿ ಅಡ್ಡಾ’ದಲ್ಲಿ ಕಬಡ್ಡಿ, ಗಿಲ್ಲಿದಾಂಡು ಮೊದಲಾದ ಬೀದಿಯಾಟಗಳನ್ನು ತೆರೆಗೆ ತಂದಿತು, ಮುಂಬಯಿಯ ಟ್ರೈನ್ ಗೇಮ್ಸ್ ‘ಮೂವ್ ಸ್ಟ್ರೀಟ್ ಕ್ರಿಕೆಟ್’ ಎಂಬ ಆಟದಲ್ಲಿ ಚಲನೆಯನ್ನು ಗ್ರಹಿಸುವ ಕೋಲನ್ನೇ ಬ್ಯಾಟನ್ನಾಗಿ ಬೀಸುವಂತೆ ಮಾಡಿತು. ಕರ್ನಾಟಕದಲ್ಲಿಯಾದರೋ ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ಹೊರದೇಶಗಳ ದೊಡ್ಡ ಆಟಗಳಿಗೆ ಚಿತ್ರಗಳನ್ನು ರಚಿಸಿಕೊಟ್ಟು, ಆ ಕಸುಬನ್ನು ಬಲ್ಲ ಒಂದು ತಲೆಮಾರನ್ನೇ ತಯಾರುಮಾಡಿತು. ಕನ್ನಡನಾಡಿನ ಮನೆಯಾಟಗಳನ್ನು ಇಂದಿನ ಸಾಧನಗಳಿಗೆ ತರಬಲ್ಲ ಕೈಗಳು ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಬೆರಳುಗಳ ಚಲನೆಯನ್ನೇ ಓದಬಲ್ಲ ಯಂತ್ರಗಳು ಈಗ ಬಂದಿರುವುದರಿಂದ, ಮುಚ್ಚಿದ ಮುಷ್ಟಿಯಿಂದ ಕಾಯಿಗಳನ್ನು ಒಂದೊಂದಾಗಿ ಜಾರಿಸುತ್ತ 14 ಗುಳಿಗಳನ್ನು ಸುತ್ತುವ ಚೆನ್ನೆಯ ಕೈಚಳಕವು ಅವುಗಳಿಗೆ ಅತ್ಯಂತ ತಕ್ಕ ವಸ್ತು; ಹಾಳೆ ಎಳೆಯುವುದೂ ಮಡಕೆ ಒಡೆಯುವುದೂ ಅದರ ಜೊತೆಗೆ ಸಲ್ಲುವಂಥವು.

ಅಂತಹ ಕೆಲಸಕ್ಕೆ ಹೊರಡುವವರು ಮೊದಲು ಮಾಡತಕ್ಕುದು ನಿಯಮಗಳ ಸಂಗ್ರಹ. ಆಟಿಯ ಹೆಸರಿನಲ್ಲಿ ಈಗ ಊರೂರುಗಳ ಸಭಾಭವನಗಳಲ್ಲಿ ನಡೆಯುವ ಕಾರ್ಯಕ್ರಮಗಳಲ್ಲಿ ಚೆನ್ನೆಮಣೆಯನ್ನು ಪ್ರದರ್ಶನಕ್ಕಿರಿಸುವುದುಂಟು, ಸ್ಪರ್ಧೆಯನ್ನೂ ನಡೆಸುವುದುಂಟು. ಸ್ಪರ್ಧೆಗೆ ಒಂದೇ ನಿಯಮ ಬೇಕಾಗುವುದರಿಂದ ಉಳಿದ ಬಗೆಗಳು ಹಿಂದೆ ಸರಿಯುತ್ತಿವೆ. ಸುಳ್ಯ ಸೀಮೆಯ ಗೌಡ ಜನಾಂಗದ ಬದುಕನ್ನು ಪುರುಷೋತ್ತಮ ಬಿಳಿಮಲೆಯವರು ಅಧ್ಯಯನಮಾಡಿರುವರು. ಅವರ ಆಡುನುಡಿಯಾದ ಅರೆಭಾಷೆಗೆ 2011ರಿಂದ ಒಂದು ಅಕಾಡೆಮಿಯೂ ಇದೆ. ಇವುಗಳ ಆಸರೆಯಿಂದ, ಕೊಲ್ಲಮೊಗ್ರು, ಕಲ್ಮಕಾರು, ಹರಿಹರ, ಬಾಳುಗೋಡುಗಳ ಹಿರಿಯ ಹೆಂಗಸರ ಬಳಿ ಕುಳಿತು, ಅರಸಾಟದಲ್ಲಿ ಸೋತವಳು ಮುಂದಿನ ಸುತ್ತನ್ನು ಎಷ್ಟು ಗುಳಿಗಳಿಂದ ತೊಡಗಬೇಕು, ಬರಿದಾದ ಗುಳಿಯನ್ನು ಯಾವಾಗ ಮುಚ್ಚಬೇಕು, ಸೀತೆಯಾಟದ ಕಾಯಿಗಳು ಕೊನೆಗೆ ಎಲ್ಲಿ ಬಂದು ನಿಲ್ಲಬೇಕು ಎಂಬುದನ್ನು ಮನೆಮನೆಯ ಪಾಠಾಂತರಗಳೊಡನೆ ಬರೆದಿಡುವುದು ಒಂದೆರಡು ಆಟಿಗಳಲ್ಲಿ ಮುಗಿಯಬಹುದಾದ ಕೆಲಸ.